ನಡೆಯಲೊಂದು ನೆಪ

ಬೆಳಗಿನ ಆರು ಗಂಟೆಯ ಸುಮಾರಿಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಮ್ಮೆ ನಿಂತು ನೋಡಬೇಕು. ನೀರಿನ ಮೇಲಣ ಮಂಜು ಇನ್ನೂ ಚದುರಿರುವುದಿಲ್ಲ. ಮರಗಳಲ್ಲಿ ಹಕ್ಕಿಗಳ ಕಲರವ ಆಗತಾನೆ ಮೊದಲಾಗಿರುತ್ತದೆ. ಅಷ್ಟು ಹೊತ್ತಿಗಾಗಲೇ ಮಂಕಿ ಟೋಪಿ, ಮಫ್ಲರು, ಉಣ್ಣೆಯ ಶಾಲುಗಳ ಮೆರವಣಿಗೆಯೊಂದು ಹೊರಟುಬಿಟ್ಟಿರುತ್ತದೆ. ರೈಲು ತಪ್ಪೀತೆಂಬಂತೆ ಧಾವಿಸುವವರೊಬ್ಬರು. ಹತ್ತು ಹೆಜ್ಜೆ ನಡೆದು, ನಿಂತು, ತುಟ್ಟಿಭತ್ಯದ ವಿಷಯವನ್ನು ಇತ್ಯರ್ಥ ಮಾಡಿಕೊಂಡು, ಮತ್ತೆ ಹತ್ತು ಹೆಜ್ಜೆ ನಡೆಯುವ ಮೂವರು ನಿವೃತ್ತ ಮಿತ್ರರು. ತುಟಿಯಲ್ಲೇ ಸಹಸ್ರನಾಮವನ್ನು ಮುಗಿಸುವ ಒಬ್ಬ ತಾಯಿ. ಇವರೆಲ್ಲರ ಹಿಂದೆ, ಪ್ಲಾಸ್ಟಿಕ್ ಚೀಲವೊಂದನ್ನು ಅಂಗೈಯಲ್ಲಿ ಮಡಿಸಿ ಹಿಡಿದು, ಯಾರ ಮನೆಯ ಕಾಂಪೌಂಡಿನಿಂದ ದಾಸವಾಳದ ಕೊಂಬೆ ಹೊರಗೆ ಚಾಚಿದೆಯೆಂಬುದನ್ನು ಚೆನ್ನಾಗಿ ಬಲ್ಲ ಗೌರವಸ್ಥರೊಬ್ಬರು.

ಇವರನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈ ಚಳಿಯಲ್ಲಿ ಇವರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಯಾವುದು? ಕೇಳಿದರೆ ಎಲ್ಲರೂ "ಆರೋಗ್ಯ" ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಆ ಉತ್ತರದಲ್ಲಿ ನನಗೆ ಪೂರ್ಣ ನಂಬಿಕೆಯಿಲ್ಲ. ಅದೇ ಆರೋಗ್ಯದ ಮಾತನ್ನು ಕೇಳಿಯೂ ಮನೆಯಲ್ಲಿ ಕಾಲು ನೀಡಿ ಕುಳಿತಿರುವ ಹಿರಿಯರ ಸಂಖ್ಯೆ ಏರಿಯ ಮೇಲೆ ಕಾಣುವವರಿಗಿಂತ ಬಹಳ ಹೆಚ್ಚು. ಕಾಲು ಇಬ್ಬರಿಗೂ ಉಂಟು, ಸಕ್ಕರೆ ಕಾಯಿಲೆ ಇಬ್ಬರಿಗೂ ಉಂಟು, ವೈದ್ಯರು ಇಬ್ಬರಿಗೂ ಹೇಳಿದ್ದು ಅದೇ ಮಾತು. ಒಬ್ಬರು ಏಳುತ್ತಾರೆ, ಇನ್ನೊಬ್ಬರು ಮಗ್ಗುಲು ಬದಲಾಯಿಸುತ್ತಾರೆ. ಇದೇ ದಂಡೆಯಲ್ಲಿ ಅಡ್ಡಾಡುತ್ತಿದ್ದ ಕುವೆಂಪು ಅವರು ಆರೋಗ್ಯಕ್ಕಾಗಿ ನಡೆದರೋ ಕೆರೆಗಾಗಿ ನಡೆದರೋ ನಾನು ಹೇಳಲಾರೆ. ಆದರೆ ಕೆರೆಯಿಲ್ಲದ ಊರಾಗಿದ್ದರೆ ಅಷ್ಟು ನಡೆಯುತ್ತಿರಲಿಲ್ಲವೆಂದು ನನ್ನ ಊಹೆ.

ಈ ಪ್ರಶ್ನೆ ನನಗೆ ಕೇವಲ ಕುತೂಹಲದ್ದಲ್ಲ. ನಮ್ಮ ತಂದೆಯವರು ಮಗ್ಗುಲು ಬದಲಾಯಿಸುವ ಪಂಗಡಕ್ಕೆ ಸೇರಿದವರಾಗಿದ್ದರು.

ಅವರು ಹೈಸ್ಕೂಲಿನಲ್ಲಿ ಉಪಾಧ್ಯಾಯರಾಗಿದ್ದು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ನನ್ನ ಬಾಲ್ಯದಲ್ಲಿ ನಾವಿದ್ದ ಊರಿನಲ್ಲಿ ಮನೆಗೂ ಶಾಲೆಗೂ ಎರಡು ಮೈಲಿ. ಕೊಡೆ, ಊಟದ ಡಬ್ಬಿ, ಹುಡುಗರ ಉತ್ತರಪತ್ರಿಕೆಗಳ ಕಟ್ಟು ಇವಿಷ್ಟನ್ನೂ ಹೊತ್ತು ದಿನವೂ ಹೋಗಿ ಬರುತ್ತಿದ್ದ ಅವರ ಹಿಂದೆ ಓಡಿ ಓಡಿ ನನ್ನ ಕಾಲು ಸೋತದ್ದುಂಟು. ಅದನ್ನು ವ್ಯಾಯಾಮವೆಂದು ಅವರೂ ಕರೆಯಲಿಲ್ಲ, ಊರಿನವರೂ ಕರೆಯಲಿಲ್ಲ. ಶಾಲೆಗೆ ಹೋಗಬೇಕಾಗಿತ್ತು, ಹೋದರು. ನಿವೃತ್ತರಾದ ಮರುದಿನವೇ ಅವರೊಡನೆ ಅವರ ನಡಿಗೆಯೂ ನಿವೃತ್ತವಾಯಿತು. ಮೈಸೂರಿನ ನಮ್ಮ ಮನೆಯ ವರಾಂಡದ ಬೆತ್ತದ ಕುರ್ಚಿ, ಎರಡು ದಿನಪತ್ರಿಕೆ, ಮೂರು ಸಲ ಕಾಫಿ: ಅವರ ಸಂಚಾರದ ಎಲ್ಲೆ ಅಷ್ಟೇ ಆಯಿತು. ಎಪ್ಪತ್ತು ದಾಟುವ ಹೊತ್ತಿಗೆ ಮಂಡಿ ಬಿಗಿದುಕೊಂಡಿತು, ಸಕ್ಕರೆ ಏರಿತು.

ಆಗ ನಾವು ಮಾಡಿದ ಪ್ರಯತ್ನಗಳನ್ನು ಹೇಳಿದರೆ ಅನೇಕ ಓದುಗರಿಗೆ ತಮ್ಮ ಮನೆಯ ನೆನಪೇ ಆದೀತು. ಮೊದಲು ನಾನು ಒಂದು ಜೊತೆ ಒಳ್ಳೆಯ ಶೂಸು ತಂದೆ. ಅವು ರಟ್ಟಿನ ಪೆಟ್ಟಿಗೆಯಲ್ಲಿಯೇ ಕ್ಷೇಮವಾಗಿದ್ದು, ಆಯುಧಪೂಜೆಯ ದಿನ ಒಮ್ಮೆ ಅರಿಸಿನ ಕುಂಕುಮ ಕಂಡವು. ಆಮೇಲೆ ಉಪದೇಶ. ಇಂಥ ಉಪದೇಶದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರಲೇಬೇಕಲ್ಲವೆ? ನೂರು ವರ್ಷ ದಾಟಿ ೧೯೬೨ರವರೆಗೆ ಬದುಕಿದ ಆ ಮಹನೀಯರ ನಿಯಮಬದ್ಧವಾದ ನಡಿಗೆಯ ವಿಷಯವನ್ನು ನಾನು ಒಂದು ಸಂಜೆ ಭಾವಪೂರ್ಣವಾಗಿ ವರ್ಣಿಸಿದೆ. ಅಪ್ಪ ಪತ್ರಿಕೆಯಿಂದ ಕಣ್ಣೆತ್ತದೆಯೇ, "ಅವರಿಗೆ ಕನ್ನಂಬಾಡಿ ಕಟ್ಟೋದಿತ್ತು ಕಣೋ. ನಾನು ನಡೆದು ಏನು ಕಟ್ಟಬೇಕು?" ಎಂದರು.

ತರಗತಿಯಲ್ಲಿ ಪಾಠ ಹೇಳುವವನಿಗೆ ಬಾಯಿ ಕಟ್ಟುವುದು ಅಪರೂಪ. ಅಂದು ಕಟ್ಟಿತು.

ಮೂರನೆಯ ಪ್ರಯತ್ನ ಅಮೆರಿಕದಲ್ಲಿರುವ ನನ್ನ ತಂಗಿಯದು. ಹೆಜ್ಜೆಯನ್ನು ಎಣಿಸುವ ಕೈಗಡಿಯಾರವೊಂದನ್ನು ಅವಳು ಕಳುಹಿಸಿಕೊಟ್ಟಳು. ಇಲ್ಲಿ ತಂದೆ ಹಾಕಿದ ಹೆಜ್ಜೆಯ ಲೆಕ್ಕ ಅಲ್ಲಿ ಮಗಳ ಫೋನಿನಲ್ಲಿ ಮೂಡುತ್ತದೆ, ಏನು ಕಾಲ! ಮೊದಲ ವಾರ ದಿನಕ್ಕೆ ಎಂಟುನೂರು ಹೆಜ್ಜೆ. ತಂಗಿ ಫೋನಿನಲ್ಲಿ ಗದರಿದಳು. ಎರಡನೆಯ ವಾರದಿಂದ ಲೆಕ್ಕ ಒಮ್ಮೆಗೇ ಹದಿನೈದು ಸಾವಿರ, ಹದಿನೆಂಟು ಸಾವಿರಕ್ಕೆ ಏರಿತು. ಅವಳಿಗೆ ಪರಮಾನಂದ. ನನಗೆ ಸಂಶಯ. ವಿಚಾರಿಸಿದಾಗ ಗಡಿಯಾರ ನನ್ನ ಎಂಟು ವರ್ಷದ ಮಗನ ಕೈಯಲ್ಲಿತ್ತು. ದಿನಕ್ಕೊಂದು ಚಾಕಲೇಟಿನ ಸಂಬಳಕ್ಕೆ ತಾತನ ಪರವಾಗಿ ನಡೆಯುವ ಕೆಲಸವನ್ನು ಅವನು ಒಪ್ಪಿಕೊಂಡಿದ್ದ. ತಂಗಿಗೆ ಈ ವಿಷಯ ತಿಳಿಯಕೂಡದೆಂದು ಅಪ್ಪನ ಕಟ್ಟಪ್ಪಣೆಯಾಯಿತು.

ಕಡೆಯದಾಗಿ ವೈದ್ಯರು. ಅವರು ಒಳ್ಳೆಯವರೇ, ಆದರೆ ಹೆದರಿಸುವುದೊಂದು ಚಿಕಿತ್ಸೆಯೆಂದು ನಂಬಿದವರು. ನಡೆಯದಿದ್ದರೆ ಕಣ್ಣಿಗೆ ಬರುತ್ತದೆ, ಮೂತ್ರಪಿಂಡಕ್ಕೆ ಬರುತ್ತದೆ, ಪಾದಕ್ಕೆ ಬರುತ್ತದೆ ಎಂದು ಒಂದೊಂದಾಗಿ ಎಣಿಸಿದರು. ಮನೆಗೆ ಬಂದ ಅಪ್ಪ ನಾಲ್ಕು ದಿನ ನಡೆದರು. ಐದನೆಯ ದಿನ, "ಇನ್ನೆಷ್ಟು ವರ್ಷ ಇರ್ತೀನಿ? ಅಷ್ಟಕ್ಕೆ ಇಷ್ಟು ಕಷ್ಟ ಯಾಕೆ?" ಎಂದು ಕುರ್ಚಿಗೆ ಮರಳಿದರು. ಹೆದರಿಕೆ ಮನುಷ್ಯನನ್ನು ಒಂದು ಗಳಿಗೆ ಓಡಿಸೀತು. ದಿನವೂ ನಡೆಸುವ ಶಕ್ತಿ ಅದಕ್ಕಿಲ್ಲ.

ಇದು ನಮ್ಮ ಮನೆಯೊಂದರ ಅನುಭವವಲ್ಲವೆಂಬುದು ಅನಂತರ ನಾನು ಓದಿದ ಒಂದು ಸಂಶೋಧನೆಯಿಂದ ತಿಳಿಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲಾರಾ ಕಾರ್ಸ್ಟೆನ್‌ಸನ್ ಎಂಬ ವಿದುಷಿ ಮುಪ್ಪಿನ ಮನಸ್ಸನ್ನು ಕುರಿತು ಬಹುಕಾಲ ವಿಚಾರಮಾಡಿದವರು. ಮುಂದೆ ಕಾಲ ಬಹಳ ಇದೆಯೆಂದು ನಂಬಿದ ತರುಣನು ಇಂದಿನ ಸುಖವನ್ನು ಬಿಟ್ಟು ಮುಂದಿನದಕ್ಕೆ ಕೂಡಿಡುತ್ತಾನೆ. ಉಳಿದ ಕಾಲ ಸ್ವಲ್ಪವೆಂದು ಕಂಡ ಹಿರಿಯನು ಈ ಹೊತ್ತಿಗೆ ಅರ್ಥವನ್ನು ಕೊಡುವ ಕೆಲಸವನ್ನು, ಮನಸ್ಸಿಗೆ ಹತ್ತಿರವಾದ ಜನರನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವರ ವಾದದ ತಿರುಳು. ೨೦೧೪ರಲ್ಲಿ ಅವರೂ ಅವರ ಸಹೋದ್ಯೋಗಿಯೊಬ್ಬರೂ ಪ್ರಕಟಿಸಿದ ಪ್ರಯೋಗದಲ್ಲಿ ಹಿರಿಯರಿಗೆ ಹೆಜ್ಜೆ ಎಣಿಸುವ ಯಂತ್ರವನ್ನು ಕೊಟ್ಟು, ಕೆಲವರಿಗೆ ನಡೆಯುವುದರಿಂದ ಬರುವ ಒಳಿತನ್ನೂ ಕೆಲವರಿಗೆ ನಡೆಯದಿದ್ದರೆ ಆಗುವ ಕೆಡುಕನ್ನೂ ಹೇಳಿದರು. ಒಳಿತನ್ನು ಕೇಳಿದ ಹಿರಿಯರೇ ಹೆಚ್ಚು ನಡೆದರು. ನಮ್ಮ ವೈದ್ಯರಿಗೆ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅವರ ಮುಂದೆ ಕುಳಿತಾಗ ನನಗೇ ಹೆದರಿಕೆಯಾಗಿ ಸುಮ್ಮನಾದೆ.

ಹಾಗಾದರೆ ಯಾವುದು ನಡೆಸುತ್ತದೆ? ಇದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಉತ್ತರ ನಮ್ಮ ಊರಿನ ಬೆಟ್ಟದ ಮೇಲಿದೆ.

ಆಷಾಢದ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಬುಡಕ್ಕೆ ಹೋದರೆ ಕಣ್ಣಾರೆ ಕಾಣಬಹುದು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಆ ಮೆಟ್ಟಿಲುಗಳು ಹತ್ತಿರ ಹತ್ತಿರ ಒಂದು ಸಾವಿರ. ತುಂತುರು ಮಳೆ, ಜಾರುವ ಕಲ್ಲು, ಕತ್ತಲು. ಅಲ್ಲಿ ಅರುವತ್ತು ಎಪ್ಪತ್ತು ದಾಟಿದ ಹೆಂಗಸರು, ಒಂದು ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಬೊಟ್ಟಿಟ್ಟು ಏಳುತ್ತ, ಮತ್ತೆ ಬಗ್ಗುತ್ತ, ಮೇಲಕ್ಕೆ ಹೋಗುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ವರ್ಷದ ಹನ್ನೊಂದು ತಿಂಗಳು ಮಂಡಿಯ ನೋವಿನಿಂದ ಎದುರಿನ ಅಂಗಡಿಗೂ ಮೊಮ್ಮಗನನ್ನು ಕಳುಹಿಸುವವರು. ಆಷಾಢದಲ್ಲಿ ಅವರನ್ನು ನಂದಿಯ ಬಳಿ ಕಂಡು ನಾನು ಬೆರಗಾದೆ. "ಮಂಡಿ ನೋವು ಹೇಗಿದೆ, ಅಜ್ಜಿ?" ಎಂದರೆ, "ಅದು ಕೆಳಗೇ ಇದೆಯಪ್ಪ, ಇಳಿದ ಮೇಲೆ ಬರುತ್ತೆ" ಎಂದರು. ಬಂದೂ ಬಂತೆನ್ನಿ, ಮೂರು ದಿನ ಎಣ್ಣೆ ತಿಕ್ಕಿಸಿಕೊಂಡು ಮಲಗಿದ್ದರು. ಬಲವಿಲ್ಲದ ಮಂಡಿಗೆ ವರ್ಷಕ್ಕೊಮ್ಮೆ ಸಾವಿರ ಮೆಟ್ಟಿಲಿನ ಪರೀಕ್ಷೆಯನ್ನು ಒಡ್ಡಿರೆಂದು ನಾನು ಯಾರಿಗೂ ಹೇಳಲಾರೆ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಹೊರೆ. ನಾನು ಹೇಳಹೊರಟದ್ದು ಬೇರೆ. ಅಂಗಡಿಗೆ ಹೋಗಲಾರದ ಕಾಲು ಬೆಟ್ಟವನ್ನು ಹತ್ತಿತು. ಉತ್ತರ ಕರ್ನಾಟಕದಿಂದ ಯುಗಾದಿಯ ಮುಂಚೆ ಶ್ರೀಶೈಲಕ್ಕೂ ಆಷಾಢದಲ್ಲಿ ಪಂಢರಪುರಕ್ಕೂ ನಡೆದು ಹೋಗುವ ಮುದುಕರನ್ನು ಕಂಡವರಿಗೆ ಇದು ಹೊಸದಲ್ಲ.

ಭಕ್ತಿಯೊಂದೇ ಅಲ್ಲ, ಹಟವೂ ನಡೆಸುತ್ತದೆ. ಶಿವರಾಮ ಕಾರಂತರು ೧೯೮೯ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಪರಿಸರದ ಮಾತನ್ನು ಹೇಳಬೇಕೆಂದು ಲೋಕಸಭೆಯ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಆ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಬಿದ್ದದ್ದು ದೇಹಕ್ಕೆ ಒಳ್ಳೆಯದೆಂದು ಯಾರಾದರೂ ಅವರಿಗೆ ಹೇಳಿದ್ದರೆ ಏನು ಉತ್ತರ ಕೊಡುತ್ತಿದ್ದರೋ, ಊಹಿಸಿದರೇ ಅಂಜಿಕೆಯಾಗುತ್ತದೆ.

ಕೆಲವೊಮ್ಮೆ ದುಃಖವೂ ನಡೆಸುತ್ತದೆ. ಪಂಜಾಬಿನ ಬಿಯಾಸ್ ಪಿಂಡ್ ಎಂಬ ಹಳ್ಳಿಯ ರೈತ ಫೌಜಾ ಸಿಂಗ್ ಅವರು ೧೯೯೨ರಲ್ಲಿ ಹೆಂಡತಿಯನ್ನೂ ೧೯೯೪ರಲ್ಲಿ ಮಗನನ್ನೂ ಕಳೆದುಕೊಂಡು, ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಮಗನ ಮನೆ ಸೇರಿ, ಬದುಕಿನಲ್ಲಿ ಏನೂ ಉಳಿಯಲಿಲ್ಲವೆಂಬ ಸ್ಥಿತಿಯಲ್ಲಿ ಓಡಲು ತೊಡಗಿದರು. ೨೦೦೦ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರಿಗೆ ಎಂಬತ್ತೊಂಬತ್ತು ವರ್ಷವೆಂದು ಲೆಕ್ಕ. ೨೦೧೧ರಲ್ಲಿ ಟೊರಾಂಟೊ ನಗರದಲ್ಲಿ ಎಂಟು ಗಂಟೆಗೂ ಮೀರಿ ಓಡುತ್ತ ನಡೆಯುತ್ತ ಇಡೀ ನಲವತ್ತೆರಡು ಕಿಲೋಮೀಟರನ್ನು ಮುಗಿಸಿದಾಗ ನೂರು. ಜನನದ ದಾಖಲೆಯಿಲ್ಲವೆಂದು ಗಿನ್ನೆಸ್ ಪುಸ್ತಕದವರು ಅದನ್ನು ಒಪ್ಪಲಿಲ್ಲ. ೧೯೧೧ರಲ್ಲಿ ನಮ್ಮ ಹಳ್ಳಿಗಳಲ್ಲಿ ಯಾರ ಜನನಕ್ಕೆ ಕಾಗದವಿತ್ತು? ಆ ವಯಸ್ಸಿನ ನಿಜ ಏನೇ ಇರಲಿ, ದುಃಖವನ್ನು ಕಾಲಿನಿಂದ ಹಿಂದಕ್ಕೆ ಹಾಕಿದ ಆ ಮುದುಕನ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಇನ್ನು ದೇಹಕ್ಕೆ ಬೇಕಾದ ಚಲನೆಯು ಕೆಲಸದೊಳಗೇ ಅಡಗಿದ್ದರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನ ಬಸ್ಸುಗಳ ಕಥೆ ಸಾಕು. ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರ ಮತ್ತು ಕಂಡಕ್ಟರುಗಳ ಆರೋಗ್ಯವನ್ನು ಹೋಲಿಸಿ ೧೯೫೩ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಮಟ್ಟದ ಜೀವನ. ಒಬ್ಬನು ದಿನವೆಲ್ಲ ಕುಳಿತಿರುತ್ತಾನೆ, ಇನ್ನೊಬ್ಬನು ಟಿಕೆಟು ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕುಳಿತವನಲ್ಲಿ ಹೆಚ್ಚು, ಹತ್ತಿ ಇಳಿದವನಲ್ಲಿ ಕಡಿಮೆ. ಹೃದಯವನ್ನು ಕಾಪಾಡಿಕೊಳ್ಳೋಣವೆಂದು ಆ ಕಂಡಕ್ಟರು ಒಂದು ಮೆಟ್ಟಿಲನ್ನೂ ಹತ್ತಿರಲಾರ. ಮೇಲಂತಸ್ತಿನವರು ಟಿಕೆಟು ಕೊಳ್ಳಬೇಕಾಗಿತ್ತು, ಅಷ್ಟೆ. ನಮ್ಮ ಅಪ್ಪನ ಎರಡು ಮೈಲಿಯೂ ಅಂಥದೇ. ಮಾರಿಸ್ ಅವರು ತಮ್ಮ ಮಾತನ್ನು ತಾವೇ ಆಚರಿಸಿ, ೨೦೦೯ರಲ್ಲಿ ತೊಂಬತ್ತೊಂಬತ್ತು ವರ್ಷ ತುಂಬಿ ತೀರಿಕೊಂಡರು.

ಇಷ್ಟೆಲ್ಲ ಓದಿ ತಿಳಿದಿದ್ದ ನಾನು ಅಪ್ಪನಿಗೊಂದು ಕೆಲಸ ಹುಡುಕಿಕೊಡಲಾರದೆ ಹೋದೆ. ಕೆಲಸವನ್ನು ಒದಗಿಸಿದವಳು ಅಮ್ಮ, ಅದೂ ತಾನು ಬಿದ್ದು.

ಹೋದ ವರ್ಷ ಆಷಾಢದ ಮಳೆಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿತ್ತು. ಒಂದು ಬೆಳಗ್ಗೆ ಅಮ್ಮ ಅಲ್ಲಿ ಜಾರಿದಳು. ಸೊಂಟದ ಕೀಲಿನ ಮೂಳೆ ಮುರಿಯಿತು. ಅವಳಿಗೆ ಅರುವತ್ತೆಂಟು. ಮನೆಯ ಕೆಲಸವೆಲ್ಲ ಒಬ್ಬಳೇ ಮಾಡುತ್ತಿದ್ದವಳು, ನಮ್ಮಲ್ಲಿ ಅವಳ ಆರೋಗ್ಯದ ಚಿಂತೆಯನ್ನೇ ಯಾರೂ ಮಾಡಿದವರಲ್ಲ. ಶಸ್ತ್ರಚಿಕಿತ್ಸೆಯಾಯಿತು. ತಂಗಿಗೆ ರಜೆ ಸಿಗದೆ ಬರಲಾಗಲಿಲ್ಲ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಪ್ಪ, "ಈ ವಯಸ್ಸಿನಲ್ಲಿ ಸೊಂಟ ಮುರಿದವರು ಮತ್ತೆ ಏಳೋದಿಲ್ಲ ಅಂತಾರಲ್ಲೋ" ಎಂದು ಮೆಲ್ಲಗೆ ಕೇಳಿದರು. ನಾನು ಏನೋ ಸಮಾಧಾನ ಹೇಳಿದೆ. ನನಗೂ ಅದೇ ಭಯ. ನಮ್ಮ ಸೋದರತ್ತೆಯೊಬ್ಬರು ಹಾಗೆ ಮಲಗಿದವರು ಏಳಲಿಲ್ಲ.

ಆದರೆ ಆಸ್ಪತ್ರೆಯವರು ಎರಡನೆಯ ದಿನವೇ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ನನ್ನ ವಿದ್ಯಾರ್ಥಿನಿಯರ ವಯಸ್ಸು, ಮಾತು ಕಡಿಮೆ, ಹಿಡಿದ ಪಟ್ಟು ಬಿಡುವವಳಲ್ಲ. ಕುರ್ಚಿಯಿಂದ ಏಳುವುದು, ಕೂರುವುದು. ಮೊದಲು ಎರಡು ಸಲ, ಆಮೇಲೆ ಐದು, ಹತ್ತು. ಕಾಲಿಗೆ ಮರಳಿನ ಸಣ್ಣ ಚೀಲ ಕಟ್ಟಿ ಎತ್ತಿಸುವುದು. "ಮುದುಕಿಯ ಕೈಲಿ ಗರಡಿ ಮಾಡಿಸ್ತಾಳಲ್ಲಪ್ಪ" ಎಂದು ಅಮ್ಮ ನಕ್ಕು ಅತ್ತಳು. ನನಗೂ ಅದು ಕ್ರೌರ್ಯವೆನ್ನಿಸಿತ್ತು. ಆಮೇಲೆ ತಿಳಿಯಿತು: ೧೯೯೦ರಲ್ಲಿಯೇ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ಅವರ ವಯಸ್ಸು ಎಂಬತ್ತಾರರಿಂದ ತೊಂಬತ್ತಾರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇಕಡ ೧೭೪ರಷ್ಟು ಹೆಚ್ಚಿತು, ಎಂದರೆ ಮೊದಲಿನದರ ಎರಡೂವರೆ ಪಟ್ಟಿಗಿಂತಲೂ ಮೀರಿತು. ತೊಂಬತ್ತರ ಸ್ನಾಯುವೂ ಕರೆದರೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಯಲ್ಲಿ ವಾರಕ್ಕೆ ೧೫೦ರಿಂದ ೩೦೦ ನಿಮಿಷದ ಮಧ್ಯಮ ವೇಗದ ಚಟುವಟಿಕೆಯ ಜೊತೆಗೆ, ಅರುವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲವನ್ನೂ ದೇಹದ ಸಮತೋಲವನ್ನೂ ಬೆಳೆಸುವ ಅಭ್ಯಾಸ ಮಾಡಬೇಕೆಂದು ಹೇಳಿರುವುದು, ಬೀಳುವುದನ್ನು ತಡೆಯುವುದಕ್ಕಾಗಿಯೇ. ಅಮ್ಮ ಬೀಳುವ ಮೊದಲು ಇದನ್ನು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂದು ತಿಳಿದಿದ್ದೆವು.

ಬಲ ಬಂತು. ವಾಕರ್ ಹಿಡಿದು ಮನೆಯೊಳಗೆ ನಡೆದಳು. ಬಾಗಿಲು ದಾಟಿ ಬೀದಿಗೆ ಬಾ ಎಂದರೆ ಮಾತ್ರ ಒಲ್ಲಳು. ನೋವಿಗಲ್ಲ, ನಾಚಿಕೆಗೆ. ಮೂವತ್ತು ವರ್ಷ ಬೀದಿಯಲ್ಲಿ ನೆಟ್ಟಗೆ ನಡೆದವಳು ನಾಲ್ಕು ಕಾಲಿನ ಕಬ್ಬಿಣವನ್ನು ನೂಕಿಕೊಂಡು ಹೋಗುವುದನ್ನು ಅಕ್ಕಪಕ್ಕದವರು ನೋಡಿ "ಅಯ್ಯೋ ಪಾಪ" ಎನ್ನುವುದು ಅವಳಿಗೆ ಬೇಡವಾಗಿತ್ತು. ಎರಡು ವಾರ ನಾನು ಹೇಳಿದೆ, ನನ್ನ ಹೆಂಡತಿ ಹೇಳಿದಳು, ಫಿಸಿಯೋಥೆರಪಿಯ ಹುಡುಗಿ ಹೇಳಿದಳು. ಅಮ್ಮ ಕಿಟಕಿಯ ಬಳಿ ಕೂರುವುದನ್ನು ರೂಢಿಮಾಡಿಕೊಳ್ಳತೊಡಗಿದಳು. ವರಾಂಡದ ಬೆತ್ತದ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂದೀತೆಂದು ನನಗೆ ದಿಗಿಲಾಯಿತು.

ನಮ್ಮ ಮನೆಯಿಂದ ನಾಲ್ಕನೆಯದರ ಮುಂದೆ ಒಂದು ಪಾರಿಜಾತದ ಮರವಿದೆ. ಶ್ರಾವಣ ಕಳೆಯುತ್ತಿದ್ದಂತೆ ಅದು ಬಿಡತೊಡಗಿತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸುವುದು ಪಾರಿಜಾತದ ವಿಷಯದಲ್ಲಿ ಮಾತ್ರ ಸಲ್ಲುತ್ತದೆಯೆಂದು ಹಿರಿಯರ ಮಾತು. ರಾತ್ರಿ ಅರಳಿ ನಸುಕಿನಲ್ಲಿ ಉದುರುವ ಆ ಹೂವನ್ನು ಬಿಸಿಲೇರುವ ಮೊದಲು ಆರಿಸಿ ತರುವುದು ಅಮ್ಮನ ಎಷ್ಟೋ ವರ್ಷದ ಪದ್ಧತಿ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು, ಯಾರಿಗೆಂದಿಲ್ಲದೆ, "ಈ ವರ್ಷ ಪಾರಿಜಾತ ಎಲ್ಲಾ ಕಾರಿನ ಚಕ್ರಕ್ಕೆ" ಎಂದಳು.

ಮರುದಿನ ನಸುಕಿನಲ್ಲಿ ಬಾಗಿಲ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದು ನೋಡಿದೆ. ಬೀದಿದೀಪ ಇನ್ನೂ ಆರಿರಲಿಲ್ಲ. ವಾಕರ್ ಹಿಡಿದ ಅಮ್ಮ ಮುಂದೆ, ಹೂವಿನ ಬುಟ್ಟಿ ಹಿಡಿದ ಅಪ್ಪ ಹಿಂದೆ. ಯಾರೂ ನೋಡದ ಹೊತ್ತೆಂದು ಅವರು ಆರಿಸಿಕೊಂಡಿದ್ದರು. ನಾನೂ ನೋಡದವನಂತೆ ಕಂಬದ ಮರೆಗೆ ಸರಿದೆ. ಮರದ ಕೆಳಗೆ ಅಮ್ಮ ಬಗ್ಗುವ ಹಾಗಿಲ್ಲ. ಬಗ್ಗಿದವರು ಅಪ್ಪ. ಮಂಡಿ ಬಿಗಿದಿದೆಯೆಂದು ಬಿದ್ದ ಪೆನ್ನನ್ನೂ ನನ್ನಿಂದಲೇ ಎತ್ತಿಸುತ್ತಿದ್ದವರು ಬಗ್ಗಿ, ಕೂತು, ಎದ್ದು, ಮತ್ತೆ ಬಗ್ಗಿ ಹೂ ಆರಿಸುತ್ತಿದ್ದರು. "ಅಲ್ಲಿ ನೋಡಿ, ನಿಮ್ಮ ಕಾಲ ಹತ್ತಿರ. ತುಳಿದೀರಿ!" ಎಂಬ ಅಮ್ಮನ ಗದರಿಕೆ ನನ್ನವರೆಗೂ ಕೇಳಿತು. ಹೋಗಿ ಬಂದದ್ದು ಒಟ್ಟು ನೂರೈವತ್ತು ಗಜವಿದ್ದೀತು. ಅರ್ಧ ಗಂಟೆ ಹಿಡಿಯಿತು.

ಅಂದಿನಿಂದ ಅದು ನಿಲ್ಲಲಿಲ್ಲ. ಬೀದಿಯಲ್ಲಿ ಅವರನ್ನು ಕಂಡವರು "ಅಯ್ಯೋ ಪಾಪ" ಎನ್ನಲೂ ಇಲ್ಲ. ಒಬ್ಬಿಬ್ಬರು ತಮ್ಮ ಮನೆಯ ಹೂವನ್ನೂ ಬುಟ್ಟಿಗೆ ಹಾಕಿದರು. ತಿಂಗಳೆರಡು ಕಳೆಯುವಷ್ಟರಲ್ಲಿ ವಾಕರ್ ಹೋಗಿ ಊರುಗೋಲು ಬಂತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಹಿರಿಯರು ನಡೆಯಬೇಕೆನ್ನುವವರು ಎಲ್ಲಿ ನಡೆಯಬೇಕೆಂದು ಹೇಳುವುದಿಲ್ಲ. ನಮ್ಮ ಬೀದಿಯ ಕಾಲುದಾರಿಯ ಮೇಲೆ ಎರಡು ಕಾರು, ಒಂದು ವಿದ್ಯುತ್ ಪೆಟ್ಟಿಗೆ, ಎದ್ದುನಿಂತ ಮೂರು ಚಪ್ಪಡಿ. ಅಲ್ಲಿಂದ ಇಳಿದರೆ ರಸ್ತೆ. ರಸ್ತೆಯಲ್ಲಿ ಬೈಕು, ಬೀದಿನಾಯಿ. ಬೀಳುವ ಭಯವೊಂದೇ ಎಷ್ಟೋ ಮಂದಿ ಹಿರಿಯರನ್ನು ಮನೆಯಲ್ಲಿ ಕೂರಿಸಿದೆ. ಕೂತಷ್ಟೂ ಕಾಲು ಸೋಲುತ್ತದೆ, ಸೋತಷ್ಟೂ ಬೀಳುವ ಸಂಭವ ಹೆಚ್ಚುತ್ತದೆ. ದುಃಖವನ್ನು ಓಡಿ ಗೆದ್ದ ಆ ಫೌಜಾ ಸಿಂಗ್ ಅವರು ತೀರಿಕೊಂಡದ್ದು ಕಾಯಿಲೆಯಿಂದಲ್ಲ. ೨೦೨೫ರ ಜುಲೈಯಲ್ಲಿ, ತಮ್ಮ ಹಳ್ಳಿಯ ಹತ್ತಿರ ಕಾಲ್ನಡಿಗೆಯಲ್ಲಿದ್ದಾಗ, ವಾಹನವೊಂದು ಹೊಡೆದು. ಮುಪ್ಪಿನ ಉತ್ಸಾಹದ ವಿಷಯವಾಗಿ ನಾವು ಎಷ್ಟು ಬೇಕಾದರೂ ಬರೆಯಬಹುದು; ನೆಟ್ಟಗೆ ಹಾಸಿದ ನೂರು ಚಪ್ಪಡಿ ಅದಕ್ಕಿಂತ ಹೆಚ್ಚು ಮಂದಿಯನ್ನು ಮನೆಯಿಂದ ಹೊರಡಿಸೀತು.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ಜಾಣರು. ೧೯೨೮ರಿಂದ ಅಲ್ಲಿ ರೇಡಿಯೋದಲ್ಲಿ ಪಿಯಾನೋದ ಸ್ವರದೊಡನೆ ಅಂಗಸಾಧನೆಯ ಕಾರ್ಯಕ್ರಮ ಬರುತ್ತಿದೆ. ಯುದ್ಧಾನಂತರ ಕೆಲಕಾಲ ನಿಂತು ೧೯೫೧ರಲ್ಲಿ ಮತ್ತೆ ಮೊದಲಾಯಿತು. ಬೆಳಗಿನ ಆರೂವರೆಗೆ ಉದ್ಯಾನಗಳಲ್ಲಿ ಮುದುಕರು ಸೇರಿ, ಕೆಲವೇ ನಿಮಿಷ ಕೈಕಾಲು ಆಡಿಸುತ್ತಾರೆ. ಒಂದು ದಿನ ಬಾರದಿದ್ದರೆ ನೆರೆಯವರು ಮನೆಗೆ ಬಂದು ವಿಚಾರಿಸುವರಾದರೆ, ಅದಕ್ಕಿಂತ ಬಲವಾದ ಎಚ್ಚರಿಕೆಯ ಗಂಟೆ ಬೇರೆ ಬೇಕೆ? ನಮ್ಮ ಕುಕ್ಕರಹಳ್ಳಿಯ ಮಿತ್ರತ್ರಯವನ್ನು ನಡೆಸುವುದೂ ಇದೇ. ಒಬ್ಬರ ತುಟ್ಟಿಭತ್ಯದ ವಾದಕ್ಕೆ ಇನ್ನಿಬ್ಬರು ಬೇಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಮಾತೂ ಆ ದೇಶದಿಂದಲೇ ಬಂದದ್ದು. ಆದರೆ ಅದು ವೈದ್ಯರ ಲೆಕ್ಕವಲ್ಲ. ೧೯೬೪ರ ಟೋಕಿಯೋ ಒಲಿಂಪಿಕ್ಸ್ ಕ್ರೀಡೆಗಳ ಮರುವರ್ಷ ಅಲ್ಲಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರಿಟ್ಟಿತು. ಕೇಳಲು ಚೆನ್ನಾಗಿದ್ದ ಹೆಸರು ಕಾಲಕ್ರಮದಲ್ಲಿ ಶಾಸ್ತ್ರವಾಯಿತು. ೨೦೧೯ರಲ್ಲಿ ಐ-ಮಿನ್ ಲೀ ಎಂಬ ವಿದುಷಿಯೂ ಸಂಗಡಿಗರೂ ಸರಾಸರಿ ಎಪ್ಪತ್ತೆರಡು ವಯಸ್ಸಿನ ಸುಮಾರು ಹದಿನೇಳು ಸಾವಿರ ಅಮೆರಿಕನ್ ಮಹಿಳೆಯರ ಲೆಕ್ಕ ತೆಗೆದು ನೋಡಿದಾಗ, ದಿನಕ್ಕೆ ಎರಡು ಸಾವಿರದ ಏಳುನೂರು ಹೆಜ್ಜೆ ಹಾಕುವವರಿಗಿಂತ ನಾಲ್ಕು ಸಾವಿರದ ನಾಲ್ಕುನೂರು ಹಾಕುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಏಳೂವರೆ ಸಾವಿರದಿಂದಾಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಎಂಟುನೂರು ಹೆಜ್ಜೆ ಹಾಕುವವರನ್ನು ಹತ್ತು ಸಾವಿರದ ಹೆಸರು ಹೇಳಿ ಹೆದರಿಸಿ ಕೂರಿಸಿದ ಪಾಪದಲ್ಲಿ ನನಗೂ ನನ್ನ ತಂಗಿಗೂ ಸಮಪಾಲಿದೆ.

ಕಾರ್ತಿಕ ಕಳೆದು ಪಾರಿಜಾತ ಮುಗಿಯುತ್ತ ಬಂತು. ಮುಂದೇನೆಂದು ನಾನು ಚಿಂತಿಸುತ್ತಿದ್ದಾಗ ಅವರೇ ದಾರಿ ಕಂಡುಕೊಂಡಿದ್ದರು. ಮುಂದಿನ ಅಡ್ಡರಸ್ತೆಯ ಕೊನೆಯ ಮನೆಯಲ್ಲಿ ವರ್ಷವೆಲ್ಲ ಬಿಡುವ ನಂದಿಬಟ್ಟಲಿನ ಗಿಡವಿದೆ. ಮನೆಯವರ ಅನುಮತಿ ಪಡೆದಿದ್ದೇವೆಂದು ಅಪ್ಪ ಹೇಳುತ್ತಾರೆ. ಐದೂವರೆಗೇ ಹೋಗುವ ಅವಸರವನ್ನು ನೋಡಿದರೆ ನನಗೆ ಅಷ್ಟು ನಂಬಿಕೆಯಿಲ್ಲ. ಆ ಮನೆಯ ಯಜಮಾನರೂ ನಿವೃತ್ತರಂತೆ, ಗೇಟಿನ ಬಳಿ ಸ್ವಲ್ಪ ಮಾತು ನಡೆಯುತ್ತದಂತೆ, ಬರುವ ದಾರಿಯಲ್ಲಿ ಹಾಲಿನ ಬೂತು ಸಿಗುತ್ತದಂತೆ. ಶೂಸಿನ ಪೆಟ್ಟಿಗೆ ಈಗ ಖಾಲಿ. ವೈದ್ಯರು ಸಕ್ಕರೆಯ ಚೀಟಿಯನ್ನು ನೋಡಿ, ತಮ್ಮ ಹೆದರಿಕೆಯ ಮಾತು ಫಲಿಸಿತೆಂದು ಸಂತೋಷಪಟ್ಟರು. ಅಪ್ಪ ಅದನ್ನು ಅಲ್ಲಗಳೆಯಲಿಲ್ಲ.

ಹೋದ ತಿಂಗಳು ನನ್ನ ಮಗನಿಗೆ ಪರೀಕ್ಷೆ ಬಂತು. ತಾತನ ಪರವಾಗಿ ನಡೆಯಲು ಬಿಡುವಿಲ್ಲವೆಂದು ಗಡಿಯಾರವನ್ನು ಹಿಂದಕ್ಕೆ ಕೊಟ್ಟ. ಅಪ್ಪ ಅದನ್ನು ತಮ್ಮ ಕೈಗೇ ಕಟ್ಟಿಕೊಂಡು ಹೊರಟರು. ಮೂರು ದಿನ ಕಳೆಯಿತು. ನಾಲ್ಕನೆಯ ರಾತ್ರಿ ತಂಗಿಯ ಫೋನು ಬಂತು, ದನಿಯಲ್ಲಿ ಗಾಬರಿ.

"ಅಣ್ಣ, ನಿಜ ಹೇಳು, ಅಪ್ಪನಿಗೆ ಮೈ ಹುಷಾರಿಲ್ಲವೇ? ಹದಿನೆಂಟು ಸಾವಿರ ನಡೀತಿದ್ದವರು ಮೂರು ದಿನದಿಂದ ಮೂರು ಸಾವಿರದ ಇನ್ನೂರಕ್ಕೆ ಇಳಿದುಬಿಟ್ಟಿದ್ದಾರೆ!"

ವರಾಂಡದಲ್ಲಿ ನಾಳೆಯ ಬುಟ್ಟಿಯನ್ನು ಯಾರು ಎಲ್ಲಿಟ್ಟರೆಂದು ಅಪ್ಪನಿಗೂ ಅಮ್ಮನಿಗೂ ವಾಗ್ವಾದ ನಡೆದಿತ್ತು. ನಾನು ಫೋನನ್ನು ಆ ಕಡೆಗೆ ತಿರುಗಿಸಿ ಹಿಡಿದೆ.